ಮೂರು ಗಂಟೆಯ ಕಳ್ಳ

ತಿಂಗಳಲ್ಲಿ ನಾಲ್ಕನೇ ಸಲ ಅದೇ ಮನೆಗೆ ಬಂದ ಅಲಾರಂ ಮೆಕ್ಯಾನಿಕ್‌ಗೆ ತಲೆ ಕೆಟ್ಟುಹೋಗಿತ್ತು. ಬ್ಯಾಟರಿ ಬದಲಿಸಿದ್ದಾಯಿತು, ಸೆನ್ಸರ್‌ನಲ್ಲಿ ಗೂಡು ಕಟ್ಟಿದ್ದ ಜೇಡವನ್ನು ಓಡಿಸಿದ್ದಾಯಿತು. ಆದರೂ ಅಡುಗೆಮನೆಯಲ್ಲಿ ಕಳ್ಳ ಹೊಕ್ಕಿದ್ದಾನೆಂದು ದಿನಾ ಮಧ್ಯಾಹ್ನ ಮೂರಕ್ಕೆ ಸೈರನ್ ಬಾಯಿ ಬಡಿದುಕೊಳ್ಳುತ್ತಿತ್ತು.

"ನಾನೂ ನನ್ನ ಹೆಂಡ್ತೀನೂ ಕೆಲಸಕ್ಕೆ ಹೋದ್ಮೇಲೆ ಮನೇಲಿ ಯಾರೂ ಇರಲ್ಲ ಕಣ್ರೀ!" ಯಜಮಾನ ರೇಗಿದ.

ಅಷ್ಟರಲ್ಲಿ ಹಿಂದಿನ ಕೋಣೆಯಲ್ಲೇ ವಾಸವಿದ್ದ ಯಜಮಾನನ ಅಕ್ಕ ಕಾಫಿ ತಂದಿಟ್ಟಳು.

ಮೆಕ್ಯಾನಿಕ್ ಲೋಟ ಎತ್ತಿಕೊಂಡವನು ಹಾಗೇ ನಿಂತ. "ಮೂರು ಗಂಟೆಗೆ ನೀವೆಲ್ಲಿರ್ತೀರಮ್ಮಾ?"

"ಅಡುಗೆಮನೇಲಿ, ಪಾತ್ರೆ ತೊಳೀತಿರ್ತೀನಿ. ಯಾರೂ ಕೇಳ್ಲಿಲ್ಲವಲ್ಲ."

ಯಜಮಾನನಿಗೆ ಛೀಮಾರಿ ಹಾಕಲು ಮೆಕ್ಯಾನಿಕ್ ಬಾಯಿ ತೆರೆದ. ಆದರೆ ಹಳೆಯ ಮೂರು ರಿಪೋರ್ಟುಗಳಲ್ಲೂ 'ಮನೆಯಲ್ಲಿ ಯಾರೂ ಇರುವುದಿಲ್ಲ' ಎಂದಿದ್ದುದು ಅವನದೇ ಕೈಬರಹ. ಮೂರು ಸಲವೂ ಅವಳು ಕೊಟ್ಟ ಕಾಫಿ ಕುಡಿದೇ ಬರೆದಿದ್ದ.