ಏಳೇಳ್ಲಿ ನಲವತ್ತೊಂಬತ್ತು

ನನ್ನ ಹತ್ತಿರ ಕಂಪ್ಯೂಟರ್ ಇರಲಿಲ್ಲ. ಹಾಸ್ಟೆಲಿನ ಮಂಚದ ಮೇಲೆ ಕೂತು ಪ್ರೋಗ್ರಾಮುಗಳನ್ನು ನೋಟುಬುಕ್ಕಿನಲ್ಲಿ ಪೆನ್ಸಿಲಿನಿಂದ ಬರೆಯುತ್ತಿದ್ದೆ. ಭಾನುವಾರ ದೊಡ್ಡಮ್ಮನ ಮನೆಗೆ ಹೋಗಿ, ಅವಳ ಮಗಳ ಕಂಪ್ಯೂಟರಿನಲ್ಲಿ ಮೂರು ಗಂಟೆ ಅವನ್ನು ಓಡಿಸಿ ನೋಡುತ್ತಿದ್ದೆ. ಅಕ್ಕ ಎಂದೇ ಕರೆದರೂ ಅವಳು ನನ್ನದೇ ತರಗತಿ. ನಾನು ಬರೆದದ್ದನ್ನು ಅವಳು ಇಳಿಸಿಕೊಳ್ಳುತ್ತಿದ್ದಳು; ಅದೇ ಬಾಡಿಗೆ.

ಮೊದಲ ಪರೀಕ್ಷೆಯಲ್ಲಿ ಇಬ್ಬರದೂ ಅಕ್ಷರಕ್ಕೆ ಅಕ್ಷರ ಒಂದೇ ಬಂತು. ಲ್ಯಾಬಿನ ಮೇಷ್ಟ್ರು ಇಬ್ಬರನ್ನೂ ನಿಲ್ಲಿಸಿ, "ಯಾರು ಯಾರದನ್ನ ನೋಡಿ ಬರೆದ್ರಿ?" ಎಂದರು.

"ಅವಳ ಹತ್ರ ಕಂಪ್ಯೂಟರೇ ಇಲ್ಲ ಸರ್," ಎಂದಳು ಅಕ್ಕ. "ನಮ್ಮನೆಗೆ ಬಂದು ನೋಡ್ಕೊಂಡು ಹೋಗ್ತಾಳೆ, ಪಾಪ."

ನನಗೆ ಸೊನ್ನೆ ಬಿತ್ತು. ಸೊನ್ನೆಯನ್ನು ನುಂಗಿಕೊಂಡೆ. 'ಪಾಪ' ಗಂಟಲಲ್ಲೇ ನಿಂತಿತು.

ಎರಡನೇ ಪರೀಕ್ಷೆಯ ಲೆಕ್ಕವನ್ನು ಮೊದಲೇ ಹೇಳಿದ್ದರು: ಕೊಟ್ಟ ಸಂಖ್ಯೆ ಅವಿಭಾಜ್ಯವೋ ಅಲ್ಲವೋ. ಒಟ್ಟು ಅಂಕ ಹೆಚ್ಚಿದ್ದವರಿಗೆ ಮುಂದಿನ ಕೋರ್ಸಿನಲ್ಲಿ ಒಂದೇ ಒಂದು ಉಚಿತ ಸೀಟು. ಸೊನ್ನೆ ಬಿದ್ದ ನನಗೆ ಅದು ಸಿಗುವಂತಿರಲಿಲ್ಲ. ಅಕ್ಕನಿಗೂ ಸಿಗಬಾರದು, ಅಷ್ಟೆ.

ಸಂಖ್ಯೆಯನ್ನು ಎರಡು, ಮೂರು, ನಾಲ್ಕರಿಂದ ಭಾಗಿಸುತ್ತ ಹೋಗಬೇಕು. ಭಾಜಕದ ವರ್ಗ ಆ ಸಂಖ್ಯೆಯನ್ನು ಮುಟ್ಟುವವರೆಗೆ ಹೋದರೆ ಸಾಕು. ನೋಟುಬುಕ್ಕಿನಲ್ಲಿ 'ಚಿಕ್ಕದು ಅಥವಾ ಸಮ' ಎಂಬ ಗುರುತು ಇತ್ತು. ಅದರ 'ಸಮ'ವನ್ನು ರಬ್ಬರಿನಿಂದ ಅಳಿಸಿದೆ. ಇನ್ನು ನಲವತ್ತೊಂಬತ್ತು ಕೊಟ್ಟರೆ ಭಾಗಾಕಾರ ಆರಕ್ಕೇ ನಿಲ್ಲುತ್ತದೆ, ಏಳನ್ನು ಕೇಳುವುದೇ ಇಲ್ಲ.

ನಕಲು ಮಾಡುವವರು ಪ್ರೋಗ್ರಾಮಿನಲ್ಲಿ ಸಂಖ್ಯೆಗಳಿಗೆ ಇಟ್ಟ ಹೆಸರುಗಳನ್ನು ಬದಲಿಸುತ್ತಾರೆ, ಗುರುತುಗಳನ್ನು ಮುಟ್ಟುವುದಿಲ್ಲ. ಈ ಸಲ ಅಕ್ಕ ಜಾಣತನದಿಂದ ಎಲ್ಲ ಹೆಸರುಗಳನ್ನೂ ಬದಲಿಸಿದಳು.

"ಯಾವ್ಯಾವ ನಂಬರ್ ಹಾಕಿ ನೋಡ್ಲೇ?"

"ಏಳು, ಹತ್ತು, ಹದಿಮೂರು, ಹದಿನೈದು. ಸಾಕು ಬಿಡು."

ನಾಲ್ಕೂ ಸರಿ ಬಂದವು. "ನೀನು ಚಿನ್ನ ಕಣೇ," ಎಂದು ಕೆನ್ನೆ ಹಿಂಡಿದಳು. ದೊಡ್ಡಮ್ಮ ಕೇಳದೆಯೇ ಎರಡನೇ ಸಲ ಬಡಿಸಿದಳು. ಉಂಡೆ.

ಪರೀಕ್ಷೆಯ ದಿನ ನನ್ನದರಲ್ಲಿ 'ಸಮ' ಇತ್ತು. ಮೇಷ್ಟ್ರು ಅಕ್ಕನ ಹಿಂದೆ ನಿಂತು 49 ಒತ್ತಿದರು. ಪರದೆಯ ಮೇಲೆ 'ಅವಿಭಾಜ್ಯ' ಎಂದು ಬಂತು.

"ಏಳೇಳ್ಲಿ ಎಷ್ಟಮ್ಮ?"

"ನಲವತ್ತೊಂಬತ್ತು ಸರ್."

"ನಿನಗೆ ಗೊತ್ತಿದೆ, ನಿನ್ನ ಪ್ರೋಗ್ರಾಮಿಗೆ ಗೊತ್ತಿಲ್ಲ. ನೀನೇ ಬರೆದಿದ್ದಲ್ವಾ? ಎಲ್ಲಿ ತಪ್ಪಿದೆ ತೋರಿಸು."

ಅಕ್ಕ ಪರದೆ ನೋಡಿದಳು, ನನ್ನನ್ನು ನೋಡಿದಳು. ಬೆರಳು ಎಲ್ಲಿಗೂ ಹೋಗಲಿಲ್ಲ. ಹಿಂದಿನ ಬೆಂಚಿನವರು ಕಿಸಕ್ಕೆಂದರು.

ಹೊರಗೆ ಮೆಟ್ಟಿಲ ಹತ್ತಿರ ನನ್ನ ತೋಳು ಹಿಡಿದಳು. "ಬೇಕಂತಲೇ ಮಾಡಿದ್ಯೇನೇ?"

"ಹೌದು. ಹೋಗಿ ಸರ್‌ಗೆ ಹೇಳು, ಇವಳದನ್ನ ನೋಡಿ ಬರೆದೆ ಅಂತ."

"ಉಂಡ ಮನೆಗೆ ಎರಡು ಬಗೆಯೋಳು! ಇನ್ನು ನಮ್ಮನೆ ಹೊಸಿಲು ತುಳಿದ್ರೆ ನೋಡು."

"ಪಾಪ," ಎಂದೆ.

ಸೀಟು ತರಗತಿಯಲ್ಲಿ ಯಾರೊಡನೆಯೂ ಮಾತಾಡದ ಒಬ್ಬ ಕನ್ನಡಕದ ಹುಡುಗಿಗೆ ಹೋಯಿತು. ಅಕ್ಕ ಕಳೆದುಕೊಂಡದ್ದು ಒಂದು ಸೀಟು. ನಾನು ಕಳೆದುಕೊಂಡದ್ದು ವಾರಕ್ಕೆ ಮೂರು ಗಂಟೆ ಕಂಪ್ಯೂಟರ್, ಒಂದು ಹೊತ್ತಿನ ಮನೆಯೂಟ, ಒಬ್ಬ ದೊಡ್ಡಮ್ಮ, ಒಬ್ಬ ಅಕ್ಕ.