ಎಬರ್ವಿನ್ ದೊರೆಯ ಕಾಡುದಾರಿ

ಕೋಟೆಯ ಇಳಿಜಾರು ಮುಗಿದು ದಾರಿ ಕವಲೊಡೆಯುವಲ್ಲಿ ದೊರೆಯ ಶವಪೆಟ್ಟಿಗೆ ಹೊತ್ತವರು ಎಡಕ್ಕೆ, ಕಾಡಿನತ್ತ ತಿರುಗಿದರು. ಹಿಂದೆ ಕೋಲೂರಿಕೊಂಡು ಬರುತ್ತಿದ್ದ ಹೈಲ್ವಿಗ್ ನಿಂತೇಬಿಟ್ಟಳು. ಆ ಕೋಟೆಯ ಅಡುಗೆಮನೆಯಲ್ಲೇ ಮುದುಕಿಯಾದವಳು ಅವಳು.

"ಆ ಕಡೆ ಯಾಕ್ರೋ? ಚರ್ಚು ಇರೋದು ಊರೊಳಗೆ."

"ದೊರೆ ಯಾವಾಗ್ಲೂ ಕಾಡು ಸುತ್ಕೊಂಡೇ ಬರ್ತಿದ್ರಲ್ಲಕ್ಕ," ಎಂದ, ಮುಂದೆ ಹೆಗಲು ಕೊಟ್ಟಿದ್ದ ಗಿರಣಿಯ ಫೋಲ್ಮಾರ್. "ನಮ್ಮ ಮುಖ ನೋಡೋಕೇ ಆಗ್ತಿರ್ಲಿಲ್ಲ ಅವರಿಗೆ. ಇವತ್ತಾದ್ರೂ ಯಾಕೆ ನೋಯಿಸ್ಬೇಕು?"

"ಹಂಗಂತ ನಿಂಗ್ಯಾರಪ್ಪ ಹೇಳಿದ್ದು?"

*

ಮೂವತ್ತು ವರ್ಷದ ಹಿಂದಿನ ಮಾತು, ಫೋಲ್ಮಾರನಿಗೆ ಆಗಷ್ಟೇ ಮೊದಲ ಮಗು ಹುಟ್ಟಿತ್ತು. ನೆರೆಯ ದೊರೆಯ ದಂಡು ಸುಗ್ಗಿಯ ಹೊತ್ತಿಗೆ ಬಂದು, ಕಣಜಗಳ ಮುಂದೆ ಪಂಜು ಹಿಡಿದು ನಿಂತಿತು. ಊರು ಉಳಿಯಬೇಕಾದರೆ ಎಬರ್ವಿನ್ ತನ್ನ ಮಗನನ್ನು ಒತ್ತೆಯಾಗಿ ಕೊಡಬೇಕು. ತಾಯಿಯಿಲ್ಲದ ಒಬ್ಬನೇ ಮಗ ಗೇರೊ, ದೊಡ್ಡ ಕುದುರೆ ಸಿಕ್ಕಿತೆಂದು ಖುಷಿಯಿಂದಲೇ ಹತ್ತಿ ಹೋದ. ಚಳಿಗಾಲದಲ್ಲಿ ಅಲ್ಲೇ ಜ್ವರ ಬಂದು ತೀರಿಕೊಂಡ. ಹೆಣವೂ ಬರಲಿಲ್ಲ.

ಆಮೇಲೆ ದೊರೆ ಊರೊಳಗೆ ಬಂದಾಗಲೆಲ್ಲ ತಾಯಂದಿರು ಮಕ್ಕಳನ್ನು ಒಳಗೆಳೆದುಕೊಂಡು ಕದ ಹಾಕಿದರು. ನಾಲ್ಕಾರು ಸಲ ಹಾಗಾದ ಮೇಲೆ ಎಬರ್ವಿನ್ ಕಾಡುದಾರಿ ಹಿಡಿದ. ಹಾಗೇ ಮೂವತ್ತು ವರ್ಷ ಆಳಿದ. ವ್ಯಾಜ್ಯ ತೀರಿಸಿದ, ಸೇತುವೆ ಕಟ್ಟಿಸಿದ, ಬೆಳೆ ಹೋದ ವರ್ಷ ಕಂದಾಯ ಬಿಟ್ಟ. ಉದ್ದನೆಯ ಮೇಜಿನ ತುದಿಯಲ್ಲಿ ಒಬ್ಬನೇ ಕೂತು ಉಂಡ.

*

"ಒಂದಿನ ಊಟಕ್ಕೆ ಬಡಿಸ್ತಿದ್ದೆ," ಎಂದಳು ಹೈಲ್ವಿಗ್. "'ನನ್ನ ಕಂಡ್ರೆ ಮಕ್ಕಳಿಗೆ ಅಷ್ಟು ಭಯವಾ? ಹೆತ್ತ ಮಗನ್ನೇ ಕೊಟ್ಟವನು ಅಂತಾನಾ?' ಅಂತ ಕೇಳಿದ್ರು."

"ಭಯಾನಾ!" ಫೋಲ್ಮಾರನ ದನಿ ಒಡೆಯಿತು. "ನಾಚಿಕೆ ಕಣಕ್ಕ. ಅವರ ಕೂಸು ಹೋಗಿ ನಮ್ಮವು ಉಳಿದಿದ್ವು. ಯಾವ ಮುಖ ಇಟ್ಕೊಂಡು ಅವರೆದುರು ಆಡೋಕೆ ಬಿಡೋಣ? ನೀನೇನಂದೆ?"

"ಏನನ್ಲಿ? ಭಯಾನೇ ಅಂತ ನಾನೂ ಅಂದ್ಕೊಂಡಿದ್ದೆ. ಸುಮ್ನೆ ತಟ್ಟೆ ಎತ್ಕೊಂಡು ಹೋದೆ."

ಫೋಲ್ಮಾರ್ ಹೆಗಲು ಬದಲಿಸಿ ಊರಿನ ಕಡೆಗೆ ತಿರುಗಿದ.

ಪೆಟ್ಟಿಗೆ ಕಂಡದ್ದೇ ತಡ, ಬೀದಿಯ ಕದಗಳು ಹಳೆಯ ರೂಢಿಯಂತೆ ಒಂದೊಂದಾಗಿ ಮುಚ್ಚಿಕೊಂಡವು.

"ತೆಗೀರೇ!" ಫೋಲ್ಮಾರ್ ಕೂಗಿದ. "ಮಕ್ಕಳನ್ನ ಹೊರಗೆ ಕಳ್ಸಿ! ಎಲ್ಲಾರ್ನೂ!"

ಮೊದಲು ಅವನ ಸೊಸೆ ಕದ ತೆಗೆದಳು. ಆಮೇಲೆ ಎದುರುಮನೆಯವಳು.

ಚರ್ಚಿನ ಅಂಗಳದಲ್ಲಿ ಪಾದ್ರಿಯ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳು ನುಗ್ಗಾಡುತ್ತ ಮಣ್ಣು ಹಾಕಿದರು. ಫೋಲ್ಮಾರನ ಪುಟ್ಟ ಮೊಮ್ಮಗಳ ಬೆರಳಿಗೆ ಹಸಿಮಣ್ಣು ಅಂಟಿಕೊಂಡು ಬೀಳಲೇ ಇಲ್ಲ. ಅವಳು ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಕೈ ಕೊಡವಿ ಕೊಡವಿ ಕಿಲಕಿಲ ನಕ್ಕಳು. ಅವಳ ಬಾಯಿ ಮುಚ್ಚಿಸಲು ಯಾರೂ ಮುಂದೆ ಬರಲಿಲ್ಲ.