ಕ್ಯಾಮೆರಾಗೆ ಕಾಣಬೇಕಾದ ಮುಖ

ಚಿಕ್ಕಲಸಂದ್ರದ ಅರ್ಪಿತಳಿಗೆ ಚಿಕ್ಕಂದಿನಿಂದ ಫಿಟ್ಸ್ ಬರುತ್ತಿತ್ತು. ಅದು ಬಂದಾಗ ತಾನು ಹೇಗೆ ಕಾಣುತ್ತೇನೆ ಎಂಬುದು ಮಾತ್ರ ಅವಳಿಗೆ ಗೊತ್ತಿರಲಿಲ್ಲ. ಊರವರಿಗಾದರೂ ಗೊತ್ತಿತ್ತೇ ಎಂದರೆ ಅದೂ ಇಲ್ಲ! ಮದುವೆ ಛತ್ರವಾಗಲಿ, ಬಸ್ ಸ್ಟಾಪಾಗಲಿ, ಮಗಳು ಬಿದ್ದ ಕೂಡಲೇ ತಾಯಿ ತಿಮ್ಮಕ್ಕ ಸೆರಗೆಳೆದು ಅವಳ ಮುಖ ಮುಚ್ಚಿಬಿಡುತ್ತಿದ್ದಳು. ಮದುವೆಯಾಗಬೇಕಾದ ಹುಡುಗಿ, ನಾಲ್ಕು ಜನ ನೋಡಿದರೆ ಗತಿಯೇನು? ಎಚ್ಚರವಾದ ಮೇಲೆ ಅರ್ಪಿತ ಎಷ್ಟು ಕೇಳಿದರೂ "ಏನೂ ಇಲ್ಲ, ಕಾಫಿ ಕುಡಿ" ಎಂಬುದೊಂದೇ ಉತ್ತರ.

ಮಾತ್ರೆಗೆ ಬಗ್ಗದ ಫಿಟ್ಸ್ ಮಿದುಳಿನ ಯಾವ ಮೂಲೆಯಲ್ಲಿ ಹುಟ್ಟುತ್ತದೆಂದು ಜಯನಗರದ ಆಸ್ಪತ್ರೆಯೊಂದರಲ್ಲಿ ಡಾಕ್ಟರ್ ಮೈತ್ರಿ ಸಂಶೋಧನೆ ಮಾಡುತ್ತಿದ್ದರು. ಅಲ್ಲಿ ವಿಡಿಯೋ ತೆಗೆಯುತ್ತಾರೆ ಎಂದು ತಿಳಿದದ್ದೇ ತಡ, ಅರ್ಪಿತ ಓಡೋಡಿ ಹೋಗಿ ಸೇರಿಕೊಂಡಳು. ತಲೆತುಂಬ ವೈರು ಅಂಟಿಸಿದರು, ಫಿಟ್ಸ್ ಬರಲೆಂದೇ ಮಾತ್ರೆ ಕಡಿಮೆ ಮಾಡಿದರು. ಬರಬಾರದೆಂದು ಹರಕೆ ಹೊತ್ತಿದ್ದ ತಿಮ್ಮಕ್ಕ ಈಗ ಯಾವಾಗ ಬರುತ್ತದೋ ಎಂದು ಕಾಯುತ್ತ ಕೂತಳು. ಎಂಥ ವಿಚಿತ್ರ ನೋಡಿ.

ಬುಧವಾರ ಫಿಟ್ಸ್ ಬಂತು. ಎಚ್ಚರವಾದವಳೇ ಅರ್ಪಿತ, "ತೋರ್ಸಿ ಮೇಡಂ" ಎಂದು ಹಟ ಹಿಡಿದಳು. ಮೈತ್ರಿ ಕಂಪ್ಯೂಟರ್ ತಿರುಗಿಸಿದರು. ಪರದೆಯ ತುಂಬ ತಿಮ್ಮಕ್ಕನ ಬೆನ್ನು, ಅದರಾಚೆ ಹಸಿರು ಸೆರಗು.

"ಮುಖ ಯಾವ ಕಡೆ ಮೊದ್ಲು ಸೆಳೆಯುತ್ತೆ ಅಂತ ಕಾಣ್ಬೇಕು ತಿಮ್ಮಕ್ಕ," ಎಂದರು ಮೈತ್ರಿ. "ಶನಿವಾರ ಈ ಬೆಡ್ ಬೇರೆಯವ್ರಿಗೆ ಹೋಗುತ್ತೆ. ಅಷ್ಟರಲ್ಲಿ ಮುಖ ಸಿಗ್ಲಿಲ್ಲ ಅಂದ್ರೆ ಇವಳನ್ನ ಸ್ಟಡೀಲಿ ಇಟ್ಕೊಳ್ಳೋಕಾಗಲ್ಲ. ಆಪರೇಷನ್ನಿಂದ ವಾಸಿಯಾಗುತ್ತಾ ಅಂತ ಹೇಳೋಕೂ ಆಗಲ್ಲ. ನೀವು ಆಚೆ ಕೂತಿರಿ, ನರ್ಸ್ ನೋಡ್ಕೋತಾರೆ."

"ಮಗಳನ್ನ ಬಿಟ್ಟು ಆಚೆ ಹೋಗಲ್ಲ ಮೇಡಂ. ಏನ್ಮಾಡ್ಲಿ, ಕೈ ತಾನಾಗೇ ಹೋಗ್ಬಿಡುತ್ತೆ."

ಅರ್ಪಿತಳಿಗೆ ಸಿಟ್ಟು ನೆತ್ತಿಗೇರಿತು. "ಅದು ನನ್ನ ಮುಖ ಕಣಮ್ಮ. ನಂಗೊಂದ್ಸಲ ನೋಡ್ಬೇಕು."

ತಿಮ್ಮಕ್ಕ ಸೆರಗನ್ನು ಬಿಗಿಯಾಗಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಗುರುವಾರ ಸುಮ್ಮನೆ ಕಳೆಯಿತು. ಶುಕ್ರವಾರ ಮಧ್ಯಾಹ್ನ ಮೊಸರನ್ನ ತಿಂದು ಒರಗಿಕೊಂಡಿದ್ದಾಗ ಅರ್ಪಿತಳಿಗೆ ಹೊಟ್ಟೆಯಲ್ಲಿ ಏನೋ ಮೇಲೆದ್ದಂತಾಯಿತು. ಫಿಟ್ಸ್ ಬರುವ ಮುಂಚೆ ಯಾವಾಗಲೂ ಹಾಗೆಯೇ. ಆಮೇಲಿನದು ಅವಳಿಗೆ ತಿಳಿಯದು.

ಸಂಜೆ ಮೈತ್ರಿ ಮತ್ತೆ ಪರದೆ ತಿರುಗಿಸಿ, "ನಮಗೆ ಇಷ್ಟೇ ಬೇಕಿತ್ತು" ಎಂದರು. ಈ ಸಲ ಮುಖ ಸ್ಪಷ್ಟವಾಗಿತ್ತು. ಬಾಯಿ ಎಡಕ್ಕೆ ಸೊಟ್ಟಗಾಯಿತು, ಕುತ್ತಿಗೆ ತಿರುಗಿತು, ಕೈಕಾಲು ಬಡಿದುಕೊಂಡವು, ಜೊಲ್ಲು ಸುರಿಯಿತು, ಎಲ್ಲ ನಿಂತಿತು. ಚಂದವೇನಲ್ಲ. ಆದರೆ ಇಷ್ಟು ವರ್ಷ ಅವಳು ಊಹಿಸಿಕೊಂಡಿದ್ದ ಮುಖ ಇದಕ್ಕಿಂತ ಎಷ್ಟೋ ಭಯಂಕರವಾಗಿತ್ತು. ಇನ್ನೊಂದು ಸಲ ಹಾಕಿಸಿಕೊಂಡಳು. ಆಗ ಮಂಚದ ಬುಡದಲ್ಲಿ ನಿಂತ ತಾಯಿಯೂ ಕಂಡಳು. ಎರಡೂ ಕೈ ಬೆನ್ನ ಹಿಂದೆ ಬಿಗಿಹಿಡಿದು, ಮಗಳನ್ನೇ ನೋಡುತ್ತಿದ್ದಳು.

"ಇಷ್ಟೇನಾ? ಇಷ್ಟಕ್ಕೇನಮ್ಮ ನೀನು ಮುಚ್ತಿದ್ದಿದ್ದು?"

ತಿಮ್ಮಕ್ಕ ಪರದೆಯಿಂದ ಕಣ್ಣು ಕೀಳಲಿಲ್ಲ.

"ನಂಗೇನು ಗೊತ್ತಿತ್ತು? ನಿನ್ ಮುಖ ಮುಚ್ಚಿ ನಾನೂ ಕಣ್ಮುಚ್ಕೊಂಡ್ಬಿಡ್ತಿದ್ದೆ," ಎಂದಳು. "ನಾನೂ ಇವತ್ತೇ ನೋಡಿದ್ದು."